ಬಲ್ಬಿನಿಂದ ಫ್ರಿಜ್ಜಿನವರೆಗೆ: ವಿದ್ಯುತ್ ಉಳಿತಾಯದ ರಿಯಾಯಿತಿ ಕೈತಪ್ಪದಂತೆ ಪಡೆಯುವ ಸಮಗ್ರ ಮಾರ್ಗದರ್ಶಿ

‘ನಿಮ್ಮ ಅರ್ಜಿಯನ್ನು ಪರಿಗಣಿಸಲು ಸಾಧ್ಯವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದಾಗ ಜನ ಮೊದಲು ಅನುಮಾನಿಸುವುದು ತಾವು ಕೊಂಡ ಫ್ರಿಜ್ಜನ್ನೋ ಎಲ್‌ಇಡಿ ದೀಪವನ್ನೋ. ಆದರೆ ಅವು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ತಪ್ಪಿರುವುದು ಕೆಲಸದ ಕ್ರಮ: ಸಾಮಾನು ಮೊದಲು ಮನೆಗೆ ಬಂದಿರುತ್ತದೆ, ನಿಯಮ ಓದಿದ್ದು ಆಮೇಲೆ. ಸಹಾಯ ಕೇಳಿ ನನ್ನ ಬಳಿ ಬಂದ ತಿರಸ್ಕೃತ ಅರ್ಜಿಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಕಂಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ವಿದ್ಯುತ್ ಸರಬರಾಜು ಕಂಪನಿ, ನಗರಾಡಳಿತ, ಇಂಧನ ಇಲಾಖೆ ಹೀಗೆ ಯಾರೇ ಕೊಡಲಿ, ಕಡಿಮೆ ವಿದ್ಯುತ್ ಬಳಸುವ ದೀಪ, ಉಪಕರಣ ಕೊಂಡವರಿಗೆ ಸಿಗುವ ಸ್ಥಳೀಯ ರಿಯಾಯಿತಿಯ ಮೊತ್ತ ಮತ್ತು ನಮೂನೆ ಊರಿಂದೂರಿಗೆ ಬದಲಾಗುತ್ತವೆ. ಎಡವುವ ಜಾಗಗಳು ಮಾತ್ರ ಎಲ್ಲ ಕಡೆಯೂ ಒಂದೇ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಆರನೆಯ ಹಂತ ತಲುಪುವವರೆಗೆ ಅಂಗಡಿಗೆ ಮುಂಗಡವನ್ನೂ ಕೊಡಬೇಡಿ.

## ಹಂತ 1: ಬಿಲ್ಲಿನ ಮೇಲಿರುವ ಹೆಸರು ನೋಡಿ

ಬೇಕಾಗುವ ಸಾಧನಗಳು ಹೆಚ್ಚೇನಿಲ್ಲ. ಇತ್ತೀಚಿನ ವಿದ್ಯುತ್ ಬಿಲ್, ಕ್ಯಾಮೆರಾ ಇರುವ ಮೊಬೈಲ್, ಟಾರ್ಚು, ಅಳತೆಯ ಟೇಪು, ಬ್ಯಾಂಕ್ ಖಾತೆಯ ವಿವರ, ಕಾಗದಗಳನ್ನು ಒಟ್ಟಿಗೆ ಇಡಲು ಒಂದು ಫೈಲು.

ಬಿಲ್ಲಿನಲ್ಲಿ ಮೂರು ವಿಷಯಗಳಿಗೆ ಗುರುತು ಹಾಕಿ: ಗ್ರಾಹಕ ಸಂಖ್ಯೆ, ಸಂಪರ್ಕದ ವರ್ಗ, ಹೆಸರು. ವರ್ಗ ಎಂದರೆ ಗೃಹಬಳಕೆಯೋ ವಾಣಿಜ್ಯವೋ ಎಂಬುದು. ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟುಕೊಂಡವರ ಸಂಪರ್ಕ ವಾಣಿಜ್ಯ ವರ್ಗದಲ್ಲಿದ್ದರೆ, ಗೃಹಬಳಕೆದಾರರ ನಮೂನೆ ತುಂಬಿ ಪ್ರಯೋಜನವಿಲ್ಲ.

ಹೆಸರಿನ ವಿಷಯದಲ್ಲಿ ಹೆಚ್ಚು ಜನ ಸಿಕ್ಕಿಬೀಳುತ್ತಾರೆ. ಬಿಲ್ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲೋ ಮನೆ ಮಾರಿ ಹೋದ ಹಳೆಯ ಮಾಲೀಕರ ಹೆಸರಿನಲ್ಲೋ ಬರುತ್ತಿರುತ್ತದೆ. ಹಣ ಕಟ್ಟುವಾಗ ಯಾರೂ ಕೇಳುವುದಿಲ್ಲ, ಹಣ ಕೊಡುವಾಗ ಕೇಳುತ್ತಾರೆ. ಬಿಲ್ಲಿನ ಹೆಸರು, ಅರ್ಜಿದಾರರ ಹೆಸರು, ಖರೀದಿ ರಶೀದಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಈ ನಾಲ್ಕೂ ಹೊಂದಬೇಕು. ಹೊಂದದಿದ್ದರೆ ಮೊದಲು ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಅದಕ್ಕೆ ಹಿಡಿಯುವ ಸಮಯವನ್ನು ಯೋಜನೆಯ ಕೊನೆಯ ದಿನದಿಂದ ಕಳೆದು ನೋಡಿದರೆ ನಿಮಗೆ ನಿಜಕ್ಕೂ ಎಷ್ಟು ಕಾಲ ಉಳಿದಿದೆ ಎಂದು ತಿಳಿಯುತ್ತದೆ.

ಬಾಡಿಗೆ ಮನೆಯವರು ಫ್ರಿಜ್, ವಾಷಿಂಗ್ ಮಷೀನ್‌ನಂಥ ಎತ್ತಿಕೊಂಡು ಹೋಗಬಹುದಾದ ವಸ್ತುಗಳಿಗೆ ಸಾಮಾನ್ಯವಾಗಿ ತಾವೇ ಅರ್ಜಿ ಹಾಕಬಹುದು. ಗೋಡೆಗೆ, ಕೊಳಾಯಿಗೆ, ವೈರಿಂಗಿಗೆ ಸೇರಿಕೊಳ್ಳುವ ಗೀಸರ್, ಎಸಿಗಳಿಗೆ ಮಾಲೀಕರ ಒಪ್ಪಿಗೆ ಪತ್ರ ಕೇಳುವುದು ವಾಡಿಕೆ. ಬಾಯಿಮಾತಿನ ಒಪ್ಪಿಗೆ ಸಾಲದು, ಸಹಿ ಇರುವ ಕಾಗದ ಫೈಲಿಗೆ ಸೇರಲಿ.

## ಹಂತ 2: ರಿಯಾಯಿತಿ ಯಾವ ಬಗೆಯದು ಎಂದು ಗುರುತಿಸಿ

‘ರಿಯಾಯಿತಿ’ ಎಂಬ ಒಂದೇ ಪದದ ಅಡಿಯಲ್ಲಿ ಐದು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದರ ಕ್ರಮ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲನೆಯದು ಅಂಗಡಿಯಲ್ಲೇ ಬೆಲೆ ಇಳಿಸಿ ಕೊಡುವುದು. ಎಲ್‌ಇಡಿ ಬಲ್ಬುಗಳಿಗೆ ಹೆಚ್ಚಾಗಿ ಇದೇ ಇರುತ್ತದೆ. ನೋಂದಾಯಿತ ಅಂಗಡಿಯಲ್ಲಿ ಕೊಂಡರೆ ಮುಗಿಯಿತು. ಎರಡನೆಯದು ಪೂರ್ತಿ ಬೆಲೆ ಕೊಟ್ಟು ಕೊಂಡು, ರಶೀದಿಯೊಂದಿಗೆ ಅರ್ಜಿ ಹಾಕಿ ಮರುಪಾವತಿ ಪಡೆಯುವುದು. ಮೂರನೆಯದರಲ್ಲಿ ಹಣ ಕೈಗೆ ಬರದೆ ಮುಂದಿನ ವಿದ್ಯುತ್ ಬಿಲ್‌ಗಳಲ್ಲಿ ಕಡಿತವಾಗುತ್ತದೆ. ನಾಲ್ಕನೆಯದು ಹಳೆಯ ಉಪಕರಣ ಒಪ್ಪಿಸಿದರೆ ಮಾತ್ರ ಕೊಡುವಂಥದ್ದು. ಐದನೆಯದರಲ್ಲಿ ಕೊಳ್ಳುವ ಮೊದಲೇ ಲಿಖಿತ ಅನುಮತಿ ಬೇಕು; ದೊಡ್ಡ ಗೀಸರ್, ಎಸಿ, ಕಟ್ಟಡದ ಇಡೀ ದೀಪ ವ್ಯವಸ್ಥೆ ಬದಲಿಸುವ ಕೆಲಸಗಳಿಗೆ ಇದು ಸಾಮಾನ್ಯ.

ಹೆಚ್ಚು ನಷ್ಟವಾಗುವುದು ಐದನೆಯ ಬಗೆಯಲ್ಲಿ. ಅನುಮತಿಗೆ ಮುಂಚೆ ಕೊಂಡ ರಶೀದಿಯ ದಿನಾಂಕ ಒಂದು ದಿನ ಹಿಂದಿದ್ದರೂ ಅರ್ಜಿ ಬಿದ್ದುಹೋಗುತ್ತದೆ, ಅದನ್ನು ಸರಿಪಡಿಸುವ ದಾರಿಯೂ ಇಲ್ಲ. ಹಾಗಾಗಿ ಕಚೇರಿಗೆ ಫೋನ್ ಮಾಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೀರಿ’ ಎಂಬುದಲ್ಲ, ‘ಮುಂಚಿತವಾಗಿ ಅನುಮತಿ ಬೇಕೇ’ ಎಂಬುದು. ಉತ್ತರ ಕೊಟ್ಟವರ ಹೆಸರು, ದಿನಾಂಕ, ಅವರು ಹೇಳಿದ ಮಾತು ಇವನ್ನು ಬರೆದಿಟ್ಟುಕೊಳ್ಳಿ.

ಎರಡು ಕಡೆಯಿಂದ ಒಟ್ಟಿಗೆ ಪಡೆಯಬಹುದೇ ಎಂದೂ ಕೇಳಿ. ಕೆಲವು ಯೋಜನೆಗಳು ಸರ್ಕಾರದ ತೆರಿಗೆ ವಿನಾಯಿತಿಯ ಜೊತೆಗೆ ಸ್ಥಳೀಯ ರಿಯಾಯಿತಿಯನ್ನೂ ಕೊಡುತ್ತವೆ, ಕೆಲವು ಒಂದನ್ನು ಪಡೆದವರಿಗೆ ಇನ್ನೊಂದನ್ನು ನಿರಾಕರಿಸುತ್ತವೆ. ಅರ್ಜಿಯ ಕೊನೆಯಲ್ಲಿ ‘ಬೇರೆಲ್ಲಿಯೂ ಪಡೆದಿಲ್ಲ’ ಎಂಬ ಘೋಷಣೆ ಇರುತ್ತದೆ. ಓದದೆ ಸಹಿ ಹಾಕಿದರೆ ಮುಂದೆ ಹಣ ಹಿಂದಿರುಗಿಸಬೇಕಾಗಬಹುದು.

## ಹಂತ 3: ನಿಯಮ ಪತ್ರದಲ್ಲಿ ನಾಲ್ಕು ದಿನಾಂಕ ಹುಡುಕಿ

ಜಾಹೀರಾತು ಓದಿದರೆ ಸಾಲದು. ‘ನಿಯಮ ಮತ್ತು ಷರತ್ತುಗಳು’ ಎಂಬ ಪುಟವನ್ನೂ ಅರ್ಹ ಮಾಡೆಲ್‌ಗಳ ಪಟ್ಟಿಯನ್ನೂ ಮುದ್ರಿಸಿಕೊಳ್ಳಿ ಅಥವಾ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಈ ಪುಟಗಳು ಹೇಳದೆ ಕೇಳದೆ ಬದಲಾಗುತ್ತವೆ. ನೀವು ಕೊಂಡ ದಿನ ಏನಿತ್ತು ಎಂಬುದಕ್ಕೆ ಪುರಾವೆ ನಿಮ್ಮಲ್ಲೇ ಇರಬೇಕು.

ಅದರಲ್ಲಿ ಹುಡುಕಬೇಕಾದ ದಿನಾಂಕಗಳು ನಾಲ್ಕು: ಯಾವ ಅವಧಿಯೊಳಗೆ ಕೊಂಡಿರಬೇಕು, ಯಾವ ದಿನದೊಳಗೆ ಅಳವಡಿಸಿರಬೇಕು, ಕೊಂಡ ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು, ಯೋಜನೆ ಯಾವಾಗ ಮುಗಿಯುತ್ತದೆ. ಅರ್ಜಿಯನ್ನು ಅಂಚೆಗೆ ಹಾಕಿದ ದಿನ ಲೆಕ್ಕಕ್ಕೋ ಕಚೇರಿಗೆ ತಲುಪಿದ ದಿನ ಲೆಕ್ಕಕ್ಕೋ ಎಂಬುದನ್ನೂ ನೋಡಿ. ‘ಅನುದಾನ ಮುಗಿಯುವವರೆಗೆ ಮಾತ್ರ’ ಎಂಬ ಸಾಲು ಇದ್ದರೆ ಮುದ್ರಿತ ಕೊನೆಯ ದಿನಾಂಕವನ್ನು ನಂಬಿ ಕೂರಬೇಡಿ. ಕೊಳ್ಳುವ ದಿನದ ಬೆಳಿಗ್ಗೆ ಫೋನ್ ಮಾಡಿ, ಹಣ ಇನ್ನೂ ಉಳಿದಿದೆಯೇ ಎಂದು ಕೇಳಿಕೊಂಡು ಹೊರಡಿ.

ಆಮೇಲೆ ರಿಯಾಯಿತಿಯಿಂದ ಹೊರಗಿಟ್ಟ ವಸ್ತುಗಳ ಪಟ್ಟಿ ಓದಿ. ಬಳಸಿದ ಅಥವಾ ರಿಪೇರಿ ಮಾಡಿ ಮಾರುವ ಉಪಕರಣ, ಹೊಸ ಕಟ್ಟಡಕ್ಕೆ ಕೊಂಡದ್ದು, ಮಿತಿಗಿಂತ ಹೆಚ್ಚು ಸಂಖ್ಯೆಯಲ್ಲಿ ಕೊಂಡದ್ದು ಸಾಮಾನ್ಯವಾಗಿ ಅಲ್ಲಿರುತ್ತವೆ.

## ಹಂತ 4: ಮೊದಲು ಯಾವುದನ್ನು ಬದಲಿಸಬೇಕು, ಲೆಕ್ಕ ಹಾಕಿ

ರಿಯಾಯಿತಿ ದೊಡ್ಡದಿದೆ ಎಂದ ಮಾತ್ರಕ್ಕೆ ಆ ವಸ್ತುವೇ ನಿಮಗೆ ಲಾಭ ಎಂದಲ್ಲ. ಲೆಕ್ಕ ಸರಳವಾಗಿದೆ. ವ್ಯಾಟ್‌ಗಳನ್ನು ದಿನಕ್ಕೆ ಉರಿಯುವ ಗಂಟೆಗಳಿಂದ ಗುಣಿಸಿ, 1000ದಿಂದ ಭಾಗಿಸಿದರೆ ದಿನದ ಯೂನಿಟ್ ಸಿಗುತ್ತದೆ.

60 ವ್ಯಾಟಿನ ಹತ್ತು ಬುರುಡೆ ಬಲ್ಬುಗಳನ್ನು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದರೆ ಪ್ರತಿ ಬಲ್ಬಿಗೆ 51 ವ್ಯಾಟ್ ಉಳಿತಾಯ. ದಿನಕ್ಕೆ ಐದು ಗಂಟೆ ಉರಿದರೆ ಹತ್ತೂ ಸೇರಿ 2.55 ಯೂನಿಟ್, ವರ್ಷಕ್ಕೆ ಸುಮಾರು 930 ಯೂನಿಟ್. ಅದೇ ಬಲ್ಬು ಉಗ್ರಾಣದಲ್ಲಿದ್ದು ದಿನಕ್ಕೆ ಹತ್ತು ನಿಮಿಷ ಮಾತ್ರ ಉರಿಯುವುದಾದರೆ ವರ್ಷಕ್ಕೆ ಮೂರು ಯೂನಿಟ್ಟಿನಷ್ಟು ಉಳಿಯುತ್ತದೆ, ಅಷ್ಟೆ. ಬಲ್ಬುಗಳ ಮೇಲೆ ಮಿತಿ ಇದ್ದಾಗ ಹೆಚ್ಚು ಹೊತ್ತು ಉರಿಯುವ ಜಾಗಕ್ಕೇ ಮೊದಲು ಹಾಕಿ.

ಸೀಲಿಂಗ್ ಫ್ಯಾನ್ ಬಗ್ಗೆ ಜನ ಯೋಚಿಸುವುದೇ ಕಡಿಮೆ. ಸಾಧಾರಣ ಫ್ಯಾನ್ 70ರಿಂದ 80 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಬ್ರಷ್ ಇಲ್ಲದ ಮೋಟಾರಿನದು 30 ವ್ಯಾಟಿನ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಒಂದೇ ಫ್ಯಾನಿನಿಂದ ವರ್ಷಕ್ಕೆ ಸುಮಾರು 200 ಯೂನಿಟ್ ಉಳಿಯುತ್ತದೆ.

ಫ್ರಿಜ್ಜಿಗೆ ವ್ಯಾಟ್ ಲೆಕ್ಕ ಬೇಡ. ಅದರ ಕಂಪ್ರೆಸರ್ ನಿಂತು ನಿಂತು ಓಡುವುದರಿಂದ ಲೇಬಲ್ ಮೇಲೆ ಮುದ್ರಿಸಿರುವ ವಾರ್ಷಿಕ ಯೂನಿಟ್ಟನ್ನೇ ತೆಗೆದುಕೊಳ್ಳಿ. ಹಳೆಯ ಫ್ರಿಜ್ಜಿನ ಲೇಬಲ್ ಹರಿದುಹೋಗಿದ್ದರೆ ಪ್ಲಗ್‌ಗೆ ಸಿಕ್ಕಿಸುವ ಸಣ್ಣ ವಿದ್ಯುತ್ ಮಾಪಕವನ್ನು ಎರಡು ಮೂರು ದಿನ ಇಟ್ಟು ಅಳೆಯಿರಿ. ಒಂದೇ ಗಂಟೆ ಅಳೆದರೆ ಲೆಕ್ಕ ತಪ್ಪುತ್ತದೆ.

ವಾಷಿಂಗ್ ಮಷೀನ್ ಬಿಸಿನೀರು ಬಳಸುವುದಾದರೆ ಹೆಚ್ಚಿನ ವಿದ್ಯುತ್ ಹೋಗುವುದು ನೀರು ಕಾಯಿಸಲು, ಡ್ರಮ್ ತಿರುಗಿಸಲು ಅಲ್ಲ. ನೀವು ಈಗಾಗಲೇ ತಣ್ಣೀರಿನಲ್ಲೇ ಒಗೆಯುತ್ತಿದ್ದರೆ ಹೊಸ ಯಂತ್ರದಿಂದ ಬರುವ ಉಳಿತಾಯ ಲೇಬಲ್ ಹೇಳುವುದಕ್ಕಿಂತ ಕಡಿಮೆ.

ಉಳಿಯುವ ಯೂನಿಟ್ಟನ್ನು ನಿಮ್ಮ ಯೂನಿಟ್ ದರದಿಂದ ಗುಣಿಸಿದರೆ ವರ್ಷದ ಉಳಿತಾಯ ಸಿಗುತ್ತದೆ. ವಸ್ತುವಿನ ಬೆಲೆಯಿಂದ ರಿಯಾಯಿತಿ ಕಳೆದು, ಉಳಿದದ್ದನ್ನು ಆ ಉಳಿತಾಯದಿಂದ ಭಾಗಿಸಿ. ಎಷ್ಟು ವರ್ಷಕ್ಕೆ ಹಾಕಿದ ಹಣ ಮರಳುತ್ತದೆ ಎಂದು ಗೊತ್ತಾಗುತ್ತದೆ. ಚೆನ್ನಾಗಿ ಓಡುತ್ತಿರುವ ಉಪಕರಣವನ್ನು ಬರೀ ರಿಯಾಯಿತಿಯ ಆಸೆಗೆ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಈ ಲೆಕ್ಕ ಅದನ್ನು ತಡೆಯುತ್ತದೆ.

## ಹಂತ 5: ಲೇಬಲ್ ಮತ್ತು ಮಾಡೆಲ್ ಸಂಖ್ಯೆ ತಾಳೆ ನೋಡಿ

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಮಾಡಿ.

ರಿಯಾಯಿತಿ ಕೊಡುವವರು ‘ಕಡಿಮೆ ವಿದ್ಯುತ್ ಬಳಸುವ ಫ್ರಿಜ್’ಗೆ ಹಣ ಕೊಡುವುದಿಲ್ಲ, ತಮ್ಮ ಪಟ್ಟಿಯಲ್ಲಿರುವ ಮಾಡೆಲ್ ಸಂಖ್ಯೆಗೆ ಕೊಡುತ್ತಾರೆ. ಒಂದೇ ಕಂಪನಿಯ, ಒಂದೇ ಗಾತ್ರದ, ನೋಡಲು ಒಂದೇ ಥರದ ಎರಡು ಫ್ರಿಜ್ಜುಗಳ ಸಂಖ್ಯೆಯಲ್ಲಿ ಕೊನೆಯ ಒಂದು ಅಕ್ಷರ ಮಾತ್ರ ಬೇರೆ ಇರಬಹುದು. ಆ ಅಕ್ಷರ ಕೆಲವೊಮ್ಮೆ ಬಣ್ಣವನ್ನಷ್ಟೇ ಸೂಚಿಸುತ್ತದೆ, ಕೆಲವೊಮ್ಮೆ ಬೇರೆಯದೇ ಕಂಪ್ರೆಸರನ್ನು. ನಾವು ಊಹಿಸುವುದು ಬೇಡ. ಪಟ್ಟಿಯಲ್ಲಿ ಅಕ್ಷರಶಃ ಅದೇ ಸಂಖ್ಯೆ ಇದೆಯೇ ನೋಡಬೇಕು. ಬಣ್ಣದ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದ್ದರೆ ಅಲ್ಲಿ ಯಾವ ಅಕ್ಷರ ಬಂದರೂ ಆಗುತ್ತದೆ ಎಂದೇ ಸಾಮಾನ್ಯ ಅರ್ಥ, ಖಚಿತಪಡಿಸಿಕೊಳ್ಳಿ.

ಸಂಖ್ಯೆಯನ್ನು ಬೆಲೆ ಚೀಟಿಯಿಂದ ಬರೆದುಕೊಳ್ಳಬೇಡಿ. ಫ್ರಿಜ್ಜಿನ ಬಾಗಿಲು ತೆರೆದರೆ ಒಳಗಿನ ಪಕ್ಕದ ಗೋಡೆಯಲ್ಲಿ, ಹೆಚ್ಚಾಗಿ ತರಕಾರಿ ಡಬ್ಬಿಯ ಹತ್ತಿರ, ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ವಾಷಿಂಗ್ ಮಷೀನಿನಲ್ಲಿ ಬಾಗಿಲಿನ ಚೌಕಟ್ಟಿನ ಮೇಲೋ ಹಿಂಬದಿಯಲ್ಲೋ ಇರುತ್ತದೆ. ಮಾಡೆಲ್ ಸಂಖ್ಯೆ, ಸೀರಿಯಲ್ ಸಂಖ್ಯೆ ಎರಡೂ ಅಲ್ಲಿರುತ್ತವೆ. ಟಾರ್ಚನ್ನು ನೇರ ಹಿಡಿದರೆ ಚೀಟಿ ಹೊಳೆದು ಅಕ್ಷರ ಕಾಣುವುದಿಲ್ಲ, ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ.

ನನ್ನದೇ ಒಂದು ಅರ್ಜಿ ವಾಪಸು ಬಂದಾಗ ಕಾರಣ ಹುಡುಕಲು ಎರಡು ವಾರ ಹಿಡಿಯಿತು. ಚೀಟಿಯ ಮೇಲಿದ್ದ ಇಂಗ್ಲಿಷಿನ ಬಿ ಅಕ್ಷರವನ್ನು ನಾನು 8 ಎಂದು ಓದಿದ್ದೆ. ಫ್ರಿಜ್ಜು ಸರಿಯಾದದ್ದೇ, ರಶೀದಿಯೂ ಸರಿ, ಆದರೆ ನಾನು ಬರೆದ ಸಂಖ್ಯೆಯ ಫ್ರಿಜ್ಜು ಲೋಕದಲ್ಲೇ ಇರಲಿಲ್ಲ. ಬಿ ಮತ್ತು 8, ಓ ಮತ್ತು ಸೊನ್ನೆ, ಐ ಮತ್ತು 1, ಎಸ್ ಮತ್ತು 5 ಈ ಜೋಡಿಗಳನ್ನು ಎರಡು ಬಾರಿ ನೋಡಿ. ಸಾಧ್ಯವಾದರೆ ಮನೆಯ ಇನ್ನೊಬ್ಬರು ಗಟ್ಟಿಯಾಗಿ ಓದಲಿ, ನೀವು ಬರೆಯಿರಿ.

ಇನ್ನು ಲೇಬಲ್‌ಗಳು. ಭಾರತದ ಇಂಧನ ದಕ್ಷತೆ ಬ್ಯೂರೋ ಕೊಡುವ ಸ್ಟಾರ್ ಲೇಬಲ್‌ನಲ್ಲಿ ನಕ್ಷತ್ರಗಳ ಜೊತೆಗೆ ಅವಧಿಯೂ ಮುದ್ರಿತವಾಗಿರುತ್ತದೆ. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ಸ್ಟಾರ್ ಇಂದಿನ ಐದು ಸ್ಟಾರಿಗೆ ಸಮವಲ್ಲ. ಯುರೋಪಿನಲ್ಲಿ 2021ರ ಮಾರ್ಚ್ 1ರಿಂದ ಫ್ರಿಜ್, ವಾಷಿಂಗ್ ಮಷೀನ್, ಟಿವಿಗಳ ಎ ಪ್ಲಸ್ ದರ್ಜೆಗಳನ್ನೆಲ್ಲ ತೆಗೆದು ಎಯಿಂದ ಜಿವರೆಗಿನ ಹೊಸ ಶ್ರೇಣಿ ತಂದರು. ದೀಪಗಳಿಗೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅಲ್ಲಿ ಹಳೆಯ ಎ ಪ್ಲಸ್ ಉಪಕರಣ ಹೊಸ ಶ್ರೇಣಿಯಲ್ಲಿ ಎಷ್ಟೋ ಕೆಳಗಿರಬಹುದು. ಅಮೆರಿಕದ ಎನರ್ಜಿ ಸ್ಟಾರ್ ಗುರುತಿನಲ್ಲಿ ದರ್ಜೆಗಳಿಲ್ಲ, ಇದೆ ಅಥವಾ ಇಲ್ಲ ಅಷ್ಟೆ. ಉತ್ತರ ಅಮೆರಿಕದಲ್ಲಿ ಅಂಗಡಿ, ಕಚೇರಿ, ಗೋದಾಮುಗಳ ದೀಪಗಳಿಗೆ ಹೆಚ್ಚಾಗಿ ಕೇಳುವುದು ಡಿಸೈನ್‌ಲೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆಯ ಅರ್ಹ ದೀಪಗಳ ಪಟ್ಟಿಯನ್ನು. ನಿಮ್ಮ ಯೋಜನೆ ಯಾವ ಲೇಬಲನ್ನು, ಯಾವ ವರ್ಷದ ಪಟ್ಟಿಯನ್ನು ಹೇಳುತ್ತದೆ ಎಂಬುದೇ ಮುಖ್ಯ.

ಬಲ್ಬು ಕೊಳ್ಳುವಾಗ ವ್ಯಾಟ್ ಅಲ್ಲ, ಲುಮೆನ್ (ಬೆಳಕಿನ ಪ್ರಮಾಣದ ಅಳತೆ) ನೋಡಿ. ಹಳೆಯ 60 ವ್ಯಾಟ್ ಬಲ್ಬಿನ ಬೆಳಕು ಸುಮಾರು 800 ಲುಮೆನ್, 100 ವ್ಯಾಟಿನದು ಸುಮಾರು 1600. ಬಣ್ಣ 2700 ಕೆಲ್ವಿನ್ ಇದ್ದರೆ ಹಳದಿ ಬೆಳಕು, 6500 ಇದ್ದರೆ ನೀಲಿ ಛಾಯೆಯ ಬಿಳಿ. ಬೆಳಕು ಹಿಡಿಸದೆ ಬಲ್ಬು ಅಂಗಡಿಗೆ ಹಿಂದಿರುಗಿಸಿದರೆ ರಿಯಾಯಿತಿಯೂ ರದ್ದಾಗುತ್ತದೆ, ಆದ್ದರಿಂದ ಮೊದಲು ಒಂದನ್ನು ತಂದು ಉರಿಸಿ ನೋಡಿ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಸ್ವಿಚ್ ಇರುವ ಕಡೆಗೆ ಡಿಮ್ ಮಾಡಬಹುದು ಎಂದು ಬರೆದಿರುವ ಬಲ್ಬೇ ಬೇಕು, ಇಲ್ಲದಿದ್ದರೆ ಅದು ಮಿಣುಗುತ್ತದೆ, ಬೇಗ ಕೆಡುತ್ತದೆ.

## ಹಂತ 6: ಕೊಳ್ಳುವಾಗ ರಶೀದಿಯನ್ನು ಅಲ್ಲೇ ನಿಂತು ಓದಿ

ರಶೀದಿಯಲ್ಲಿ ಅಂಗಡಿಯ ಹೆಸರು ಮತ್ತು ವಿಳಾಸ, ನಿಮ್ಮ ಹೆಸರು, ಖರೀದಿ ದಿನಾಂಕ, ಪೂರ್ತಿ ಮಾಡೆಲ್ ಸಂಖ್ಯೆ, ಪ್ರತಿ ವಸ್ತುವಿನ ಬೆಲೆ, ಹಣ ಸಂದಿದೆ ಎಂಬ ಗುರುತು ಇರಬೇಕು. ‘ಫ್ರಿಜ್ – 1’ ಎಂದಷ್ಟೇ ಇದ್ದರೆ ಬೇರೆ ಬಿಲ್ ಮಾಡಿಕೊಡಲು ಹೇಳಿ. ಅಂದಾಜು ಪಟ್ಟಿ, ಆರ್ಡರ್ ಚೀಟಿ, ಕಾರ್ಡ್ ಉಜ್ಜಿದ ಚೀಟಿ ಇವು ಯಾವುವೂ ರಶೀದಿ ಅಲ್ಲ. ಕಂತಿನಲ್ಲಿ ಕೊಂಡರೆ ಒಪ್ಪಂದದ ಪ್ರತಿಯೂ ಬೇಕಾಗಬಹುದು.

ಥರ್ಮಲ್ ಕಾಗದದ ರಶೀದಿಯನ್ನು ಅದೇ ದಿನ ಸ್ಕ್ಯಾನ್ ಮಾಡಿ, ಅದರ ಮಸಿ ತಿಂಗಳುಗಳಲ್ಲಿ ಮಾಸುತ್ತದೆ. ಪೆಟ್ಟಿಗೆಯನ್ನು ಹಣ ಬರುವವರೆಗೆ ಎಸೆಯಬೇಡಿ. ಕೆಲವು ಯೋಜನೆಗಳು ಪೆಟ್ಟಿಗೆಯ ಮೇಲಿನ ಬಾರ್‌ಕೋಡನ್ನು ಕತ್ತರಿಸಿ ಲಗತ್ತಿಸಲು ಕೇಳುತ್ತವೆ, ಮೂಲವನ್ನೇ.

ಸಾಮಾನು ಮನೆಗೆ ಬಂದಾಗ ಪೆಟ್ಟಿಗೆ ಬಿಚ್ಚುವ ಮುನ್ನ ಮಾಡೆಲ್ ಸಂಖ್ಯೆಯನ್ನು ಮತ್ತೆ ತಾಳೆ ನೋಡಿ. ಗೋದಾಮಿನಲ್ಲಿ ಆ ಮಾಡೆಲ್ ಮುಗಿದಿದ್ದರೆ ‘ಅದರ ಹೊಸ ಆವೃತ್ತಿ’ ಕಳಿಸುವುದುಂಟು. ವಸ್ತು ಒಳ್ಳೆಯದೇ ಇರಬಹುದು, ಆದರೆ ಅದು ಪಟ್ಟಿಯಲ್ಲಿಲ್ಲದಿದ್ದರೆ ಸಹಿ ಹಾಕದೆ ವಾಪಸು ಕಳಿಸುವ ಹಕ್ಕನ್ನು ಆಗಲೇ ಬಳಸಿ.

## ಹಂತ 7: ಅಳವಡಿಕೆ, ಹಳೆಯದರ ವಿಲೇವಾರಿ

ಹಳೆಯ ದೀಪ ತೆಗೆಯುವ ಮೊದಲು, ಅದು ಜಾಗದಲ್ಲೇ ಇರುವಾಗ, ಫೋಟೋ ತೆಗೆಯಿರಿ. ಹೊಸದು ಹಾಕಿದ ಮೇಲೆ ಅದೇ ಕೋನದಿಂದ ಇನ್ನೊಂದು. ‘ಮೊದಲು ಏನಿತ್ತು’ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಎಸಿ, ಗೀಸರುಗಳನ್ನು ಪರವಾನಗಿ ಇರುವವರೇ ಅಳವಡಿಸಬೇಕು ಎಂಬ ಷರತ್ತು ಸಾಮಾನ್ಯ. ಅವರ ಪರವಾನಗಿ ಸಂಖ್ಯೆ, ಸಹಿ, ದಿನಾಂಕ ಕೆಲಸದ ಬಿಲ್ಲಿನಲ್ಲಿ ಬರಲಿ. ಹೀಟ್ ಪಂಪ್ ಗೀಸರ್ ಸುತ್ತಲಿನ ಗಾಳಿಯಿಂದ ಶಾಖ ಎಳೆದುಕೊಳ್ಳುತ್ತದೆ, ಆದ್ದರಿಂದ ಗಾಳಿ ಆಡುವ ಜಾಗ ಮತ್ತು ತೊಟ್ಟಿಕ್ಕುವ ನೀರಿಗೆ ದಾರಿ ಬೇಕು. ಟೇಪಿನಿಂದ ಅಳೆದು ನೋಡದೆ ಇದನ್ನು ಕೊಳ್ಳಬೇಡಿ.

ಹಳೆಯ ಫ್ರಿಜ್ಜನ್ನು ಒಪ್ಪಿಸುವ ಯೋಜನೆಯಲ್ಲಿ ಒಂದು ಮುಖ್ಯ ಷರತ್ತು: ಅನೇಕ ಕಡೆ ಅದು ಓಡುತ್ತಿರುವ ಸ್ಥಿತಿಯಲ್ಲಿರಬೇಕು. ಒಯ್ಯಲು ಬಂದವರು ಪ್ಲಗ್ ಹಾಕಿ, ತಣ್ಣಗಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಹಿಂದಿನ ದಿನವೇ ಪ್ಲಗ್ ಕಿತ್ತು, ಅಂಗಳದಲ್ಲಿ ಮಲಗಿಸಿಟ್ಟರೆ ಅರ್ಹತೆ ಹೋಗುತ್ತದೆ. ಒಪ್ಪಿಸಿದ್ದಕ್ಕೆ ರಶೀದಿ ಪಡೆಯಿರಿ. ಹಳೆಯದನ್ನು ‘ಎರಡನೆಯ ಫ್ರಿಜ್’ ಆಗಿ ಹಿತ್ತಲಿನಲ್ಲಿ ಓಡಿಸಿದರೆ ಹೊಸದರ ಉಳಿತಾಯವೆಲ್ಲ ಅಲ್ಲಿಯೇ ಸೋರಿಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಬಿಲ್ ಇಳಿಯದಿರುವುದಕ್ಕೆ ಇದೇ ಕಾರಣ. ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟ್‌ಗಳಲ್ಲಿ ಪಾದರಸ ಇರುವುದರಿಂದ ಅವನ್ನು ಒಡೆಯದೆ, ಮನೆಯ ಕಸಕ್ಕೆ ಸೇರಿಸದೆ, ಪ್ರತ್ಯೇಕವಾಗಿ ಸಂಗ್ರಹ ಕೇಂದ್ರಕ್ಕೆ ಕೊಡಿ.

## ಹಂತ 8: ಅರ್ಜಿ ತುಂಬಿ, ಪ್ರತಿ ಉಳಿಸಿಕೊಂಡು ಕಳಿಸಿ

ಕೊನೆಯ ವಾರಕ್ಕೆ ಕಾಯಬೇಡಿ. ತಪ್ಪು ಕಂಡುಬಂದರೆ ತಿದ್ದಿ ಮತ್ತೆ ಕಳಿಸಲು ಸಮಯ ಬೇಕು.

ಗ್ರಾಹಕ ಸಂಖ್ಯೆಯನ್ನು ಬಿಲ್ ನೋಡಿಕೊಂಡೇ ಬರೆಯಿರಿ, ನೆನಪಿನಿಂದಲ್ಲ. ಮುಂದಿರುವ ಸೊನ್ನೆಗಳನ್ನೂ ಬಿಡಬೇಡಿ. ವಿಳಾಸ ಬಿಲ್ಲಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ, ಅದು ನಿಮಗೆ ಅಪೂರ್ಣ ಎನಿಸಿದರೂ ಸರಿ. ಅನ್ವಯಿಸದ ಕಡೆ ಖಾಲಿ ಬಿಡುವ ಬದಲು ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಸಹಿ ಮರೆತ ಅರ್ಜಿಗಳನ್ನು ನಾನು ಎಣಿಸಲಾರದಷ್ಟು ನೋಡಿದ್ದೇನೆ.

ಆನ್‌ಲೈನಿನಲ್ಲಾದರೆ ಫೋಟೋಗಳ ನಾಲ್ಕು ಮೂಲೆಗಳೂ ಕಾಣುವಂತಿರಲಿ. ಸಲ್ಲಿಸಿದ ಮೇಲೆ ಬರುವ ಅರ್ಜಿ ಸಂಖ್ಯೆಯ ಚಿತ್ರ ತೆಗೆದಿಡಿ. ಅಂಚೆಯಾದರೆ ಕಳಿಸಿದ್ದಕ್ಕೆ ರಶೀದಿ ಸಿಗುವ ಅಂಚೆಯೇ ಆಗಲಿ, ಮತ್ತು ಲಕೋಟೆ ಮುಚ್ಚುವ ಮೊದಲು ಪ್ರತಿಯೊಂದು ಹಾಳೆಯ ಪ್ರತಿ ನಿಮ್ಮ ಫೈಲಿನಲ್ಲಿರಲಿ.

## ಎಚ್ಚರಿಕೆಯ ಗುರುತುಗಳು

ರಿಯಾಯಿತಿ ಮಂಜೂರು ಮಾಡಿಸಲು ‘ಸಂಸ್ಕರಣಾ ಶುಲ್ಕ’ ಮೊದಲೇ ಕಟ್ಟಿ ಎನ್ನುವ ಕರೆ ಬಂದರೆ ಅದು ಮೋಸವೆಂದೇ ತಿಳಿಯಿರಿ. ಹಣ ಕೊಡುವವರಿಗೆ ನಿಮ್ಮ ಖಾತೆ ಸಂಖ್ಯೆ ಸಾಕು. ಒಟಿಪಿ, ಪಿನ್, ಕಾರ್ಡಿನ ಹಿಂಬದಿಯ ಸಂಖ್ಯೆ ಬೇಕಿಲ್ಲ. ಮೊಬೈಲಿಗೆ ಯಾವುದೋ ಆ್ಯಪ್ ಹಾಕಿಕೊಳ್ಳಿ, ನಾವೇ ಅರ್ಜಿ ತುಂಬುತ್ತೇವೆ ಎಂದರೆ ಫೋನ್ ಇಟ್ಟುಬಿಡಿ. ಮನೆ ಬಾಗಿಲಿಗೆ ಬಂದು ‘ಇಂದೇ ಕೊನೆಯ ದಿನ’ ಎಂದು ಅವಸರಪಡಿಸುವವರಿದ್ದರೆ, ಬಿಲ್ಲಿನ ಮೇಲೆ ಅಚ್ಚಾಗಿರುವ ಸಹಾಯವಾಣಿಗೆ ಅವರ ಮುಂದೆಯೇ ಕರೆ ಮಾಡಿ. ಅವರು ಕೊಟ್ಟ ಸಂಖ್ಯೆಗೆ ಅಲ್ಲ.

‘ರಿಯಾಯಿತಿ ನಮ್ಮ ಜವಾಬ್ದಾರಿ’ ಎಂದು ಅಂಗಡಿಯವರು ಹೇಳಿದರೆ, ಯಾವ ಮಾಡೆಲ್, ಎಷ್ಟು ಮೊತ್ತ, ಬಾರದಿದ್ದರೆ ಯಾರು ಭರಿಸುವುದು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಿಯಾಯಿತಿ ಘೋಷಣೆಯಾದ ಮೇಲೆ ವಸ್ತುವಿನ ಬೆಲೆಯೇ ಏರಿರುವುದೂ ಉಂಟು, ಇನ್ನೆರಡು ಕಡೆ ವಿಚಾರಿಸಿ.

## ಹಂತ 9: ತಿರಸ್ಕೃತವಾದರೆ

ಸಿಟ್ಟಿನಲ್ಲಿ ಹೊಸ ಅರ್ಜಿ ಹಾಕಬೇಡಿ. ಒಂದೇ ಸೀರಿಯಲ್ ಸಂಖ್ಯೆಗೆ ಎರಡು ಅರ್ಜಿ ಕಂಡರೆ ಎರಡನ್ನೂ ತಡೆಹಿಡಿಯಬಹುದು. ಯಾವ ನಿಯಮದ ಅಡಿಯಲ್ಲಿ ತಿರಸ್ಕರಿಸಲಾಗಿದೆ ಎಂದು ಲಿಖಿತವಾಗಿ ಕೇಳಿ. ‘ದಾಖಲೆ ಅಪೂರ್ಣ’ ಎಂಬುದು ಕಾರಣವಲ್ಲ. ಯಾವ ದಾಖಲೆ ಎಂದು ಹೇಳಿಸಿಕೊಳ್ಳಿ.

ಅಕ್ಷರದೋಷ, ಮಸುಕಾದ ಫೋಟೋ, ಮರೆತ ಸಹಿ, ಹೆಸರಿನ ಸಣ್ಣ ವ್ಯತ್ಯಾಸ ಇವನ್ನು ಸಾಮಾನ್ಯವಾಗಿ ಸರಿಪಡಿಸಲು ಬಿಡುತ್ತಾರೆ. ಪಟ್ಟಿಯಲ್ಲಿಲ್ಲದ ಮಾಡೆಲ್, ಅನುಮತಿಗೆ ಮುಂಚಿನ ಖರೀದಿ, ಮೀರಿದ ಗಡುವು ಇವು ಮೂರಕ್ಕೆ ಸಮಯ ವ್ಯಯಿಸಬೇಡಿ. ಒಂದು ಅಪವಾದವಿದೆ: ನೀವು ಕೊಂಡ ದಿನ ಪಟ್ಟಿಯಲ್ಲಿದ್ದ ಮಾಡೆಲನ್ನು ಆಮೇಲೆ ತೆಗೆದಿದ್ದರೆ, ಮೂರನೆಯ ಹಂತದಲ್ಲಿ ಉಳಿಸಿಕೊಂಡ ಪುಟವನ್ನು ಲಗತ್ತಿಸಿ ಮೇಲ್ಮನವಿ ಕೊಡಿ.

## ಹಂತ 10: ಹಣ ಬಂತೇ, ಬಿಲ್ ಇಳಿಯಿತೇ

ಬಿಲ್ಲಿನಲ್ಲಿ ಕಡಿತವಾಗುವ ಬಗೆಯಾದರೆ ಪ್ರತಿ ತಿಂಗಳೂ ಆ ಸಾಲನ್ನು ಹುಡುಕಿ ನೋಡಿ. ಕೆಲವೊಮ್ಮೆ ಮೊದಲ ತಿಂಗಳು ಬಂದು ಎರಡನೆಯ ತಿಂಗಳು ನಿಂತುಹೋಗುತ್ತದೆ. ಅರ್ಜಿ ಹಾಕಿದ ಮೇಲೆ ಆರು ವಾರಕ್ಕೊಮ್ಮೆ ಅದರ ಸ್ಥಿತಿ ವಿಚಾರಿಸಿ, ಪ್ರತಿ ಬಾರಿಯೂ ದಿನಾಂಕ ಬರೆದಿಡಿ.

ಉಳಿತಾಯವನ್ನು ಹಿಂದಿನ ತಿಂಗಳ ಬಿಲ್ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳ ಯೂನಿಟ್ ಜೊತೆ ಹೋಲಿಸಿ. ದರ ಏರಿದ್ದರೆ ಮೊತ್ತ ಇಳಿದಂತೆ ಕಾಣದು, ಯೂನಿಟ್ ಇಳಿದಿರುತ್ತದೆ. ಫೈಲನ್ನು ವಾರಂಟಿ ಮುಗಿಯುವವರೆಗಾದರೂ ಇಟ್ಟುಕೊಳ್ಳಿ. ಮನೆಗೆ ಬಂದು ಅಳವಡಿಕೆ ಪರಿಶೀಲಿಸುವ ಹಕ್ಕನ್ನು ಅನೇಕ ಯೋಜನೆಗಳು ಹಣ ಕೊಟ್ಟ ಮೇಲೂ ಉಳಿಸಿಕೊಂಡಿರುತ್ತವೆ, ಆಗ ಅವರು ಮೊದಲು ಕೇಳುವುದು ಆ ಸೀರಿಯಲ್ ಸಂಖ್ಯೆಯನ್ನು.